ಅನ್ವರ್ಥವೋ ಅಂಕಿತವೋ: ‘ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ’ ಎಂಬ ಹೆಸರಿನ ವಿಮರ್ಶೆ

ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ವಿಭಾಗಿಸಿರುವುದು ಕನ್ನಡ ವ್ಯಾಕರಣವನ್ನು ಪಾಠ ಹೇಳುವವರೆಲ್ಲರಿಗೂ ಪರಿಚಿತವಾದ ವಿಷಯ. ವಸ್ತುವಿನ ಗುಣವನ್ನೋ ಸ್ಥಿತಿಯನ್ನೋ ಅನುಸರಿಸಿ ಬಂದ ಹೆಸರು ಅನ್ವರ್ಥ. ವ್ಯವಹಾರದ ಅನುಕೂಲಕ್ಕಾಗಿ ಇಟ್ಟುಕೊಂಡುದು ಅಂಕಿತ. ಹಣವುಳ್ಳವನನ್ನು ಧನಿಕನೆಂದರೆ ಅದು ಅನ್ವರ್ಥ. ಧನಪಾಲನೆಂಬವನ ಪೆಟ್ಟಿಗೆಯಲ್ಲಿ ಹಣವಿಲ್ಲದಿದ್ದರೆ ಅದಕ್ಕಾಗಿ ಅವನ ಹೆಸರನ್ನು ಯಾರೂ ಆಕ್ಷೇಪಿಸುವುದಿಲ್ಲ. ಈ ಎರಡು ಬಗೆಯ ಹೆಸರುಗಳೂ ಲೋಕಕ್ಕೆ ಬೇಕಾದುವೇ. ತೊಡಕು ಹುಟ್ಟುವುದು ಅಂಕಿತವು ಅನ್ವರ್ಥದ ಉಡುಪಿನಲ್ಲಿ ಬಂದು, ತನ್ನಲ್ಲಿ ಇದೆಯೋ ಇಲ್ಲವೋ ತಿಳಿಯದ ಗುಣಕ್ಕೆ ತಾನೇ ಸಾಕ್ಷಿಯಾಗಿ ನಿಂತಾಗ. ಅಂತಹ ಒಂದು ಹೆಸರು ಈಚಿನ ವೈದ್ಯವಾಙ್ಮಯದಲ್ಲಿ ಬಹಳವಾಗಿ ಬಳಕೆಗೆ ಬಂದಿದೆ. ‘ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ’ ಎಂಬುದು ಆ ಹೆಸರು. ವೈದ್ಯರು ಸಂಕ್ಷೇಪವಾಗಿ ಪಿ.ಆರ್.ಪಿ. ಎನ್ನುತ್ತಾರೆ.

ಚಿಕಿತ್ಸೆಯ ಕ್ರಮವನ್ನು ಮೊದಲು ಹೇಳಬೇಕು. ರೋಗಿಯ ತೋಳಿನಿಂದ ಸ್ವಲ್ಪ ರಕ್ತವನ್ನು ತೆಗೆದು, ಹೆಪ್ಪುಗಟ್ಟದಂತೆ ಮದ್ದು ಬೆರಸಿ, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿಟ್ಟು ವೇಗವಾಗಿ ತಿರುಗಿಸುತ್ತಾರೆ. ಕಡೆದ ಮೊಸರಿನಲ್ಲಿ ಬೆಣ್ಣೆ ಬೇರಾಗುವಂತೆ ರಕ್ತವು ಪದರಪದರವಾಗಿ ಬೇರ್ಪಡುತ್ತದೆ: ಭಾರವಾದ ಕೆಂಪು ಕಣಗಳು ತಳಕ್ಕೆ, ಹಳದಿಯ ಪ್ಲಾಸ್ಮಾ ಮೇಲಕ್ಕೆ, ನಡುವೆ ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಸೇರಿದ ತೆಳುವಾದ ಪೊರೆ. ಈ ನಡುವಣ ಭಾಗವನ್ನು ಕೂಡಿಸಿಕೊಂಡು ಪ್ಲಾಸ್ಮಾವನ್ನು ಹೀರಿ, ಅದೇ ರೋಗಿಯ ನೋಯುವ ಮಂಡಿಗೋ, ಮೊಣಕೈಗೋ, ಹಿಮ್ಮಡಿಯ ಮೇಲಣ ಕಂಡರಕ್ಕೋ, ಎಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿಗೋ, ಸೂಜಿಯಿಂದ ಚುಚ್ಚುತ್ತಾರೆ. ಇದು ವೈದ್ಯರ ವಿಷಯ, ಸಾಹಿತ್ಯ ಪತ್ರಿಕೆಯಲ್ಲಿ ಇದಕ್ಕೇನು ಸ್ಥಳವೆಂದು ಕೇಳುವವರು ಇರಬಹುದು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಸೂಜಿಯನ್ನಲ್ಲ, ಅದನ್ನು ಕುರಿತ ಬರವಣಿಗೆಯನ್ನು. ನೂರಾರು ಪ್ರಬಂಧಗಳು ಒಂದೇ ಪದವನ್ನು ಶೀರ್ಷಿಕೆಯಲ್ಲಿಟ್ಟುಕೊಂಡು ಒಂದಕ್ಕೊಂದು ವಿರುದ್ಧವಾದ ತೀರ್ಮಾನಗಳಿಗೆ ಬಂದಿರುವಾಗ, ಆ ಪದದ ಅರ್ಥವೇನೆಂದು ವಿಚಾರಿಸುವುದು ಶಬ್ದಾರ್ಥವನ್ನು ವೃತ್ತಿಯಾಗಿ ಹಿಡಿದವರ ಕೆಲಸವೂ ಹೌದು. ಮಂಡಿನೋವಿನ ಮನುಷ್ಯನು ಈ ಪದವನ್ನು ನಂಬಿ ಹಣ ತೆರುತ್ತಾನೆಂಬುದನ್ನೂ ಮರೆಯುವಂತಿಲ್ಲ.

ಪ್ಲೇಟ್‌ಲೆಟ್ ಎಂಬ ಮಾತು ಡೆಂಗೆ ಜ್ವರದ ದೆಸೆಯಿಂದ ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಗಿದೆ. 1882ರಲ್ಲಿ ಇಟಲಿಯ ಬಿಜ್ಜೊಜೆರೊ ಎಂಬ ವಿದ್ವಾಂಸನು ಈ ಕಣಗಳನ್ನು ರಕ್ತದ ಸ್ವತಂತ್ರವಾದ ಘಟಕವೆಂದು ವರ್ಣಿಸಿ, ರಕ್ತ ಹೆಪ್ಪುಗಟ್ಟುವುದರಲ್ಲಿ ಅವುಗಳಿಗಿರುವ ಪಾತ್ರವನ್ನು ತೋರಿಸಿದನು. ಆರೋಗ್ಯವಂತನ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಇವು ಸುಮಾರು 1,50,000ದಿಂದ 4,50,000ದವರೆಗೆ ಇರುವುವು. ಪ್ಲೇಟ್‌ಲೆಟ್‌ಗಳು ಹೆಚ್ಚಾಗಿ ಕೂಡಿದ ಪ್ಲಾಸ್ಮಾವನ್ನು ‘ಸಮೃದ್ಧ’ವೆಂದು ಕರೆದವರು ಮೊದಲಿಗೆ ರಕ್ತನಿಧಿಯವರು. ಅವರ ಬಾಯಲ್ಲಿ ಅದು ಬರಿಯ ವರ್ಣನೆ. ಗುಣಾತಿಶಯದ ಸೂಚನೆ ಅದರಲ್ಲಿರಲಿಲ್ಲ. 1974ರಲ್ಲಿ ರಾಸ್ ಮತ್ತು ಆತನ ಸಹೋದ್ಯೋಗಿಗಳು, ಹೆಪ್ಪುಗಟ್ಟಿದ ರಕ್ತದಿಂದ ಬಂದ ಸೀರಮ್ಮು ಜೀವಕೋಶಗಳ ವೃದ್ಧಿಯನ್ನು ಪ್ರಚೋದಿಸುವುದಕ್ಕೆ ಪ್ಲೇಟ್‌ಲೆಟ್‌ಗಳಿಂದ ಹೊರಬೀಳುವ ಒಂದು ದ್ರವ್ಯವೇ ಕಾರಣವೆಂದು ಗಾಜಿನ ಪಾತ್ರೆಯಲ್ಲಿ ತೋರಿಸಿದರು. 1986ರಲ್ಲಿ ನೈಟನ್ ಮತ್ತು ಆತನ ಸಂಗಡಿಗರು ಬಹುದಿನ ಮಾಯದ ಹುಣ್ಣುಗಳಿಗೆ ಪ್ಲೇಟ್‌ಲೆಟ್‌ಗಳಿಂದ ತೆಗೆದ ದ್ರವ್ಯವನ್ನು ಲೇಪಿಸಿದ ವಿವರವನ್ನು ಪ್ರಕಟಿಸಿದರು. 1998ರಲ್ಲಿ ಮಾರ್ಕ್ಸ್ ಎಂಬ ಶಸ್ತ್ರವೈದ್ಯನೂ ಆತನ ಸಹೋದ್ಯೋಗಿಗಳೂ ದವಡೆಯ ಎಲುಬಿನ ಕಸಿಯಲ್ಲಿ ಇದನ್ನು ಬಳಸಿ, ಎಲುಬು ಬೇಗ ಬಲಿಯಿತೆಂದು ಬರೆದರು. ಹೆಸರಿಗೆ ‘ಮಾಯಿಸುವುದು’ ಎಂಬ ಧ್ವನ್ಯರ್ಥ ಅಂಟಿಕೊಂಡುದು ಇಲ್ಲಿಂದ.

ಗೊಂದಲವನ್ನು ಮೊದಲು ಮನಗಂಡವರಲ್ಲಿ ಮಾರ್ಕ್ಸನೂ ಒಬ್ಬನೆಂಬುದು ಸ್ಮರಣೀಯ. 2001ರಲ್ಲಿಯೇ ಆತನು ಪಿ.ಆರ್.ಪಿ. ಯಾವುದು, ಯಾವುದಲ್ಲ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಲೇಖನವನ್ನು ಬರೆದು, ಮೈಕ್ರೋಲೀಟರಿಗೆ 10,00,000 ಪ್ಲೇಟ್‌ಲೆಟ್‌ಗಳೆಂಬ ಅಳತೆಯನ್ನು ಸೂಚಿಸಿದನು. ಸೂಚನೆಯು ಸೂಚನೆಯಾಗಿಯೇ ಉಳಿಯಿತು. ಎಷ್ಟೋ ಬರಹಗಳಲ್ಲಿ ‘ಸಮೃದ್ಧ’ವೆಂದರೆ ಅದೇ ರೋಗಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚು ಎಂದಷ್ಟೇ ಅರ್ಥ. ಈ ವ್ಯಾಖ್ಯೆಯ ಪರಿಣಾಮವನ್ನು ನೋಡಿ: 1,50,000 ಉಳ್ಳವನ ರಕ್ತವನ್ನು ತಿರುಗಿಸಿ ಇಮ್ಮಡಿ ಮಾಡಿದರೆ 3,00,000, ಇದು ಸಮೃದ್ಧ. ನೆರೆಮನೆಯವನ ತೋಳಿನಲ್ಲಿ ಯಾವ ಯಂತ್ರದ ಸಹಾಯವೂ ಇಲ್ಲದೆ 4,00,000 ಹರಿಯುತ್ತಿದ್ದರೂ ಅದು ಬರಿಯ ರಕ್ತ. ಅಳತೆಯಿಲ್ಲದ ವಿಶೇಷಣವು ವಿಶೇಷ್ಯವನ್ನು ಬೇರ್ಪಡಿಸಲಾರದು.

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸುವವನು ತನಗೆ ದೊರೆತ ಓಲೆಯ ಪ್ರತಿಗಳೆಷ್ಟು, ಅವು ಎಲ್ಲಿಯವು, ಯಾವ ಗರಿಯಲ್ಲಿ ಅಕ್ಷರ ನಷ್ಟವಾಗಿದೆ, ಯಾವ ಪಾಠವನ್ನು ಏಕೆ ಸ್ವೀಕರಿಸಿದೆ ಎಂಬುದನ್ನು ಪೀಠಿಕೆಯಲ್ಲಿ ತಿಳಿಸದಿದ್ದರೆ ಆ ಮುದ್ರಣವನ್ನು ವಿದ್ವಾಂಸರು ಪ್ರಮಾಣವಾಗಿ ಹಿಡಿಯುವುದಿಲ್ಲ. ಪಿ.ಆರ್.ಪಿ.ಯಲ್ಲಿ ಪಾಠಾಂತರಗಳಿಗೆ ಕೊರತೆಯಿಲ್ಲ. ಬಿಳಿಯ ಕಣಗಳನ್ನು ಉಳಿಸಿಕೊಂಡದ್ದೊಂದು, ತೆಗೆದುಹಾಕಿದ್ದೊಂದು. ಒಂದಾವರ್ತಿ ತಿರುಗಿಸಿದ್ದು, ಎರಡಾವರ್ತಿ ತಿರುಗಿಸಿದ್ದು. ಕ್ಯಾಲ್ಸಿಯಮ್ಮನ್ನೋ ಥ್ರಾಂಬಿನ್ನನ್ನೋ ಸೇರಿಸಿ ಮೊದಲೇ ಪ್ರಚೋದಿಸಿದ್ದು, ಹಾಗೆಯೇ ಚುಚ್ಚಿದ್ದು. 2009ರಲ್ಲಿ ದೋಹಾನ್ ಎರೆನ್‌ಫೆಸ್ಟ್ ಮತ್ತು ಸಂಗಡಿಗರು ಬಿಳಿಯ ಕಣ ಮತ್ತು ಫೈಬ್ರಿನ್‌ಗಳನ್ನು ಆಧಾರವಾಗಿಟ್ಟು ಇವುಗಳನ್ನು ನಾಲ್ಕು ಕುಲಗಳಾಗಿ ವಿಂಗಡಿಸಿದರು. ಬಳಿಕ ಬೇರೆ ಬೇರೆ ವಿಂಗಡಣೆಗಳೂ ಬಂದುವು. ಹೀಗಿದ್ದೂ 2017ರಲ್ಲಿ ಚಹ್ಲಾ ಮತ್ತು ಸಂಗಡಿಗರು ಎಲುಬು ಕೀಲುಗಳ ರೋಗಗಳಲ್ಲಿ ನಡೆದ 105 ಅಧ್ಯಯನಗಳನ್ನು ಶೋಧಿಸಿದಾಗ, ಇನ್ನೊಬ್ಬನು ಅದೇ ದ್ರವ್ಯವನ್ನು ಮತ್ತೆ ತಯಾರಿಸಬಹುದಾದಷ್ಟು ವಿವರವನ್ನು ಕೊಟ್ಟಿದ್ದುವು 11 ಮಾತ್ರ. ಕೊನೆಗೆ ರೋಗಿಗೆ ಚುಚ್ಚಿದ ದ್ರವದಲ್ಲಿ ಏನೆಷ್ಟಿತ್ತೆಂದು ಸಂಖ್ಯೆಯಲ್ಲಿ ಹೇಳಿದ್ದುವು 17. ಮಿಕ್ಕವು ಪ್ರತಿಗಳನ್ನು ಹೆಸರಿಸದ ಸಂಪಾದನೆಗಳು. ಅವುಗಳಲ್ಲಿ ‘ಪಿ.ಆರ್.ಪಿ.ಯನ್ನು ಚುಚ್ಚಿದೆವು’ ಎಂಬ ವಾಕ್ಯಕ್ಕೆ ‘ಭಾರತವನ್ನು ಓದಿದೆವು’ ಎಂಬುದಕ್ಕಿಂತ ಹೆಚ್ಚಿನ ಖಚಿತತೆಯಿಲ್ಲ. ವ್ಯಾಸನದೋ, ಪಂಪನದೋ, ಕುಮಾರವ್ಯಾಸನದೋ, ಯಾವುದು?

ಹೆಸರು ಲೋಕಪ್ರಸಿದ್ಧವಾದ ಬಗೆಯನ್ನು ನೋಡೋಣ. 2006ರಲ್ಲಿ ಮಿಶ್ರ ಮತ್ತು ಪಾವೆಲ್ಕೊ ಎಂಬವರು ಮೊಣಕೈಯ ಕಂಡರದ ಹಳೆಯ ನೋವಿಗೆ ಈ ಚಿಕಿತ್ಸೆ ಮಾಡಿದ ಪ್ರಬಂಧವನ್ನು ಪ್ರಕಟಿಸಿದರು. ರೋಗಿಗಳು ಒಟ್ಟು 20; ಪಿ.ಆರ್.ಪಿ. ಪಡೆದವರು 15, ನೋವು ಮರೆಸುವ ಮದ್ದನ್ನು ಮಾತ್ರ ಪಡೆದವರು 5. ಎಂಟು ವಾರಗಳಲ್ಲಿ ಮೊದಲಿನವರ ನೋವು ನೂರಕ್ಕೆ 60ರಷ್ಟು ತಗ್ಗಿತು, ಎರಡನೆಯವರದು 16ರಷ್ಟು. ಆ ಬಳಿಕ ಐವರಲ್ಲಿ ಮೂವರು ಬಿಟ್ಟುಹೋದುದರಿಂದ ಹೋಲಿಕೆಯೇ ನಿಂತುಹೋಯಿತು. ಆದರೂ ಎರಡು ವರ್ಷಗಳ ಮೇಲೆ ಪಿ.ಆರ್.ಪಿ.ಯವರ ನೋವು ನೂರಕ್ಕೆ 93ರಷ್ಟು ಇಳಿದಿತ್ತೆಂಬ ಅಂಕಿಯೇ ಜನರ ನೆನಪಿನಲ್ಲಿ ನಿಂತಿತು. ಮೊಣಕೈಯ ಈ ನೋವು ಬಹುಮಂದಿಯಲ್ಲಿ ಕಾಲಕ್ರಮದಲ್ಲಿ ತಾನಾಗಿಯೇ ಶಮನವಾಗುತ್ತದೆ. ಹೋಲಿಸುವುದಕ್ಕೆ ಎದುರುಪಕ್ಷವಿಲ್ಲದ 93ರಲ್ಲಿ ಮದ್ದಿನ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ವಿಂಗಡಿಸುವ ಉಪಾಯವಿಲ್ಲ. ಗ್ರಂಥಕರ್ತರು ತಮ್ಮ ಪ್ರಬಂಧವನ್ನು ಪ್ರಾಥಮಿಕವೆಂದೇ ಕರೆದಿದ್ದರು. ಓದಿದವರು ಆ ವಿಶೇಷಣವನ್ನು ಕೈಬಿಟ್ಟು ಇನ್ನೊಂದನ್ನು ಇಟ್ಟುಕೊಂಡರು. 2009ರಲ್ಲಿ ಅಮೆರಿಕದ ಹೈನ್ಸ್ ವಾರ್ಡ್ ಎಂಬ ಪ್ರಸಿದ್ಧ ಫುಟ್‌ಬಾಲ್ ಆಟಗಾರನು ಮಂಡಿಯ ಗಾಯಕ್ಕೆ ಈ ಚಿಕಿತ್ಸೆಯನ್ನು ಪಡೆದು ದೊಡ್ಡ ಪಂದ್ಯದಲ್ಲಿ ಆಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಮೇಲೆ ಕೇಳಬೇಕಾದುದೇ ಇಲ್ಲ. ಉದ್ದೀಪನ ಮದ್ದುಗಳ ಮೇಲೆ ಕಣ್ಣಿಡುವ ಜಾಗತಿಕ ಸಂಸ್ಥೆಯು 2010ರ ನಿಷೇಧಪಟ್ಟಿಯಲ್ಲಿ ಮಾಂಸಖಂಡಕ್ಕೆ ಪಿ.ಆರ್.ಪಿ. ಚುಚ್ಚುವುದನ್ನು ಸೇರಿಸಿ, 2011ರಲ್ಲಿ ತೆಗೆದುಹಾಕಿತು. ನಿಷೇಧವೂ ಒಂದು ಬಗೆಯ ಪ್ರಶಸ್ತಿಯಾಗಬಲ್ಲುದು.

ಇನ್ನು ಹೋಲಿಕೆಯ ವಿಷಯ. ಉಪಮೆಯಲ್ಲಿ ಉಪಮಾನದ ಆಯ್ಕೆಯಿಂದಲೇ ಉಪಮೇಯಕ್ಕೆ ಕಳೆ ಬರುವುದು ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಈ ಪ್ರಬಂಧಗಳಲ್ಲಿಯೂ ಅದು ಹಾಗೆಯೇ. 2010ರಲ್ಲಿ ಹಾಲೆಂಡಿನ ಪೀರ್‌ಬೂಮ್ಸ್ ಮತ್ತು ಸಂಗಡಿಗರು ಮೊಣಕೈ ನೋವಿನ 100 ರೋಗಿಗಳನ್ನು ಚೀಟಿಯೆತ್ತಿದಂತೆ ಹಂಚಿ, ಒಂದು ಪಂಗಡಕ್ಕೆ ಪಿ.ಆರ್.ಪಿ.ಯನ್ನೂ ಇನ್ನೊಂದಕ್ಕೆ ಸ್ಟೆರಾಯ್ಡನ್ನೂ ಕೊಟ್ಟರು. ವರ್ಷದ ಕೊನೆಯಲ್ಲಿ ನೋವಿನ ಮಾನದಲ್ಲಿ ಗುಣಕಂಡವರು ಕ್ರಮವಾಗಿ ನೂರಕ್ಕೆ 73 ಮತ್ತು 49. ದೊಡ್ಡ ಗೆಲವೇ ಸರಿ. ಆದರೆ ಗೆದ್ದುದು ಯಾರ ಮೇಲೆ? 2013ರಲ್ಲಿ ಆಸ್ಟ್ರೇಲಿಯದ ಕೂಂಬ್ಸ್ ಮೊದಲಾದವರು ಇದೇ ನೋವಿನ 165 ಜನರಲ್ಲಿ ಸ್ಟೆರಾಯ್ಡನ್ನೇ ನಿರ್ವೀರ್ಯವಾದ ಸೂಜಿಯೊಡನೆ ಹೋಲಿಸಿದರು. ವರ್ಷಾಂತ್ಯದಲ್ಲಿ ಪೂರ್ತಿಯಾಗಿಯೋ ಬಹುಮಟ್ಟಿಗೋ ಗುಣವಾದವರು ಸ್ಟೆರಾಯ್ಡಿನವರಲ್ಲಿ ನೂರಕ್ಕೆ 83, ಮತ್ತೊಂದು ಪಂಗಡದಲ್ಲಿ 96. ನೋವು ಮರುಕಳಿಸಿದವರು 54 ಮತ್ತು 12. ಎಂದರೆ ಸ್ಟೆರಾಯ್ಡು ಮೊದಲು ಉಪಶಮನವನ್ನು ಕೊಟ್ಟು ಮುಂದೆ ಕೇಡನ್ನು ಮಾಡುವ ಮದ್ದು. ಅದನ್ನು ಸೋಲಿಸುವುದಕ್ಕೆ ಪಿ.ಆರ್.ಪಿ. ಬೇಕಾಗಿರಲಿಲ್ಲ, ಸುಮ್ಮನಿದ್ದರೂ ಸಾಕಾಗುತ್ತಿತ್ತು. ಅದೇ ವರ್ಷ ಡೆನ್ಮಾರ್ಕಿನ ಕ್ರೋಗ್ ಮೊದಲಾದವರು 60 ರೋಗಿಗಳಲ್ಲಿ ಪಿ.ಆರ್.ಪಿ., ಸ್ಟೆರಾಯ್ಡು, ಲವಣಜಲ ಮೂರನ್ನೂ ಎದುರೆದುರಿಗೆ ಇಟ್ಟಾಗ ಮೂರು ತಿಂಗಳಲ್ಲಿ ನೋವಿನ ಮಟ್ಟಿಗೆ ಯಾವುದೂ ಮೇಲಾಗಲಿಲ್ಲ.

2014ರಲ್ಲಿ ಮಿಶ್ರ ಮೊದಲಾದವರು ಅನೇಕ ಕೇಂದ್ರಗಳಲ್ಲಿ 230 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪಿ.ಆರ್.ಪಿ.ಯ ಪಕ್ಷದವರು ಇಂದಿಗೂ ಉದ್ಧರಿಸುವುದುಂಟು. ಅದನ್ನು ನಿಧಾನವಾಗಿ ಓದಬೇಕು. 12 ವಾರಗಳಲ್ಲಿ 192 ಮಂದಿಯ ಲೆಕ್ಕ ದೊರೆತಾಗ ನೋವು ತಗ್ಗಿದುದು ನೂರಕ್ಕೆ 55.1 ಮತ್ತು 47.4, ಇದು ಆಕಸ್ಮಿಕವಾಗಿಯೂ ಬರಬಹುದಾದ ಅಂತರ. 24 ವಾರಗಳಲ್ಲಿ ಅದು 71.5 ಮತ್ತು 56.1ಕ್ಕೆ ಏರಿತು, ಆದರೆ ಲೆಕ್ಕಕ್ಕೆ ಸಿಕ್ಕವರು 119 ಮಂದಿ ಮಾತ್ರ. ಕಾವ್ಯದ ಅರ್ಧದಷ್ಟು ಗರಿಗಳು ಕಳೆದುಹೋದಮೇಲೆ ಉಳಿದ ಅರ್ಧದಿಂದ ಕವಿಯ ಆಶಯವನ್ನು ನಿಶ್ಚಯಿಸುವವನು ಕಡೆಯ ಪಕ್ಷ ಸ್ವರವನ್ನಾದರೂ ತಗ್ಗಿಸಿ ಮಾತಾಡಬೇಕು. 2021ರಲ್ಲಿ ಕಾಕ್ರೇನ್ ಸಂಸ್ಥೆಯವರು ಮೊಣಕೈಯ ವಿಷಯದ 32 ಅಧ್ಯಯನಗಳನ್ನೂ 2,337 ರೋಗಿಗಳನ್ನೂ ಒಟ್ಟುಗೂಡಿಸಿ ನೋಡಿ, ರೋಗಿಗೆ ಗಣನೆಗೆ ಬರುವಂತಹ ಪ್ರಯೋಜನ ಬಹುಶಃ ಇಲ್ಲವೆಂದು ತೀರ್ಮಾನಿಸಿದರು.

ಉಪಮಾನವನ್ನು ಬದಲಾಯಿಸಿದರೆ ಫಲವೂ ಬದಲಾಗುವುದಕ್ಕೆ ತೊಡೆಯ ಹಿಂಭಾಗದ ಮಾಂಸಖಂಡದ ಗಾಯವು ಇನ್ನೂ ಸ್ಪಷ್ಟವಾದ ನಿದರ್ಶನ. 2014ರಲ್ಲಿಯೇ ಎರಡು ಬರಹಗಳು ಬಂದುವು. ಮಲೇಷ್ಯದ್ದರಲ್ಲಿ 28 ರೋಗಿಗಳು. ವ್ಯಾಯಾಮದ ಜೊತೆಗೆ ಪಿ.ಆರ್.ಪಿ. ಪಡೆದವರು ಸರಾಸರಿ 26.7 ದಿನಗಳಲ್ಲಿ, ಬರಿಯ ವ್ಯಾಯಾಮ ಮಾಡಿದವರು 42.5 ದಿನಗಳಲ್ಲಿ ಆಟಕ್ಕೆ ಮರಳಿದರು. ಹಾಲೆಂಡಿನ ರೂರಿಂಕ್ ಮೊದಲಾದವರದರಲ್ಲಿ 80 ಆಟಗಾರರು, ಒಬ್ಬರಿಗೆ ಪಿ.ಆರ್.ಪಿ., ಇನ್ನೊಬ್ಬರಿಗೆ ಲವಣಜಲ, ಯಾರಿಗೆ ಯಾವುದೆಂಬುದು ರೋಗಿಗೆ ತಿಳಿಯದು. ಎರಡು ಪಂಗಡಗಳಲ್ಲಿಯೂ ಮಧ್ಯಾಂಕ 42 ದಿನ. ಮೊದಲನೆಯದರಲ್ಲಿ ಒಬ್ಬನಿಗೆ ಸೂಜಿಯಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಎರಡನೆಯದರಲ್ಲಿ ಇಬ್ಬರಿಗೂ ಇತ್ತು. ಚಿಕಿತ್ಸೆ ದೊರೆಯಿತೆಂಬ ರೋಗಿಯ ವಿಶ್ವಾಸಕ್ಕೆ ಸಲ್ಲಬೇಕಾದ ಕೀರ್ತಿಯೂ ಮೊದಲನೆಯ ಬರಹದಲ್ಲಿ ಪ್ಲೇಟ್‌ಲೆಟ್‌ಗಳ ಖಾತೆಗೆ ಜಮೆಯಾಗಿರಬಹುದು.

ಹಿಮ್ಮಡಿಯ ಕಂಡರವನ್ನು ಕುರಿತು ಹೆಚ್ಚಾಗಿ ಹೇಳಬೇಕಾದುದಿಲ್ಲ. 2010ರಲ್ಲಿ ದ ವೋಸ್ ಮೊದಲಾದವರ 54 ರೋಗಿಗಳಲ್ಲಿ, ನೂರು ಅಂಕಗಳ ಮಾನದಲ್ಲಿ, ಪಿ.ಆರ್.ಪಿ. ಪಡೆದವರು 24 ವಾರಗಳಲ್ಲಿ 21.7ರಷ್ಟೂ ಲವಣಜಲ ಪಡೆದವರು 20.5ರಷ್ಟೂ ಮೇಲೇರಿದರು. 2021ರಲ್ಲಿ ಇಂಗ್ಲೆಂಡಿನ ಕಿಯರ್ನಿ ಮೊದಲಾದವರ 240 ರೋಗಿಗಳಲ್ಲಿ ಆರು ತಿಂಗಳ ಅಂಕಗಳು 54.4 ಮತ್ತು 53.4. ಹನ್ನೊಂದು ವರ್ಷಗಳ ಅಂತರದಲ್ಲಿ ಎರಡು ದೇಶಗಳಿಂದ ಬಂದ ಒಂದೇ ಉತ್ತರ. ಕಣಕಾಲಿನ ಕೀಲುಸವೆತದಲ್ಲಿಯೂ 2021ರ ಡಚ್ ಪ್ರಯೋಗದ 100 ರೋಗಿಗಳಲ್ಲಿ ಲವಣಜಲವು ಹಿಂದೆ ಬೀಳಲಿಲ್ಲ.

ಮಂಡಿಯಲ್ಲಿ ವಿವಾದವು ನಿಜವಾಗಿಯೂ ಜೀವಂತವಾಗಿದೆ. ಚಂಡೀಗಢದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪಟೇಲ್, ಧಿಲ್ಲೋನ್ ಮೊದಲಾದವರ ಪ್ರಯೋಗವು ಲವಣಜಲದೊಡನೆ ಹೋಲಿಸಿದ ಮೊದಮೊದಲಿನವುಗಳಲ್ಲಿ ಒಂದು. 78 ರೋಗಿಗಳ 156 ಮಂಡಿಗಳಲ್ಲಿ, ಬಿಳಿಯ ಕಣಗಳನ್ನು ಸೋಸಿ ತೆಗೆದ ಪಿ.ಆರ್.ಪಿ.ಯಿಂದ ಆರು ತಿಂಗಳವರೆಗೆ ಸ್ಪಷ್ಟವಾದ ಸುಖವು ಕಂಡುಬಂದಿತು. ಇದು ಗೌರವಾರ್ಹವಾದ ಕೃತಿ, ಇದನ್ನು ತಳ್ಳಿಹಾಕುವಂತಿಲ್ಲ. 2021ರಲ್ಲಿ ಆಸ್ಟ್ರೇಲಿಯದ ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ಬೆನೆಲ್ ಮೊದಲಾದವರು 288 ಜನರಲ್ಲಿ ವಾರಕ್ಕೊಂದರಂತೆ ಮೂರು ಸೂಜಿಗಳನ್ನು ಹಾಕಿ ವರ್ಷವಿಡೀ ನೋಡಿದರು. ಹನ್ನೊಂದಂಶಗಳ ಮಾನದಲ್ಲಿ ನೋವು ಇಳಿದುದು ಪಿ.ಆರ್.ಪಿ.ಯಿಂದ 2.1, ಲವಣಜಲದಿಂದ 1.8; ಮೃದ್ವಸ್ಥಿಯ ಗಾತ್ರ ಕುಗ್ಗಿದುದು ನೂರಕ್ಕೆ 1.4 ಮತ್ತು 1.2. ಸವೆತವನ್ನು ತಡೆಯುವುದೆಂಬ ಆಸೆಗೆ ಇಲ್ಲಿ ಆಧಾರ ಸಿಗಲಿಲ್ಲ.

ಈ ಪ್ರಯೋಗಕ್ಕೆ ಬಂದ ಪ್ರತ್ಯುತ್ತರವೇ ನಮ್ಮ ವಿಚಾರದ ತಿರುಳು. ಅಲ್ಲಿ ಬಳಸಿದ ದ್ರವದಲ್ಲಿ ಪ್ಲೇಟ್‌ಲೆಟ್‌ಗಳು ಸಾಮಾನ್ಯ ರಕ್ತಕ್ಕಿಂತ ಅಷ್ಟೇನೂ ಹೆಚ್ಚಾಗಿರಲಿಲ್ಲ, ಆದುದರಿಂದ ಅದು ನಿಜವಾದ ಪಿ.ಆರ್.ಪಿ.ಯೇ ಅಲ್ಲ ಎಂದು ಆಕ್ಷೇಪಿಸಿದರು. ಪ್ರಮಾಣದ ಮಾತು ಯುಕ್ತವಾದುದೇ. ಅದೇ ವರ್ಷ ಬನ್ಸಲ್ ಮೊದಲಾದವರು 150 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ 8 ಮಿಲಿಲೀಟರಿನಲ್ಲಿ ಸಾವಿರ ಕೋಟಿ ಪ್ಲೇಟ್‌ಲೆಟ್‌ಗಳನ್ನು ಕೊಟ್ಟು ವರ್ಷದವರೆಗೂ ಗುಣವನ್ನು ಕಂಡರು. ಆದರೆ ಅಲ್ಲಿಯ ಎದುರುಪಕ್ಷವು ಲವಣಜಲವಲ್ಲ, ಹ್ಯಾಲುರೋನಿಕ್ ಆಮ್ಲ. ಸೋತ ಬಳಿಕ ‘ಅದು ಇದಲ್ಲ’ ಎನ್ನುವವರು, ಗೆದ್ದ ಪ್ರಬಂಧಗಳಲ್ಲಿ ಪ್ಲೇಟ್‌ಲೆಟ್‌ಗಳ ಎಣಿಕೆ ಇದೆಯೇ ಇಲ್ಲವೇ ಎಂದು ಅಷ್ಟೇ ಕಟ್ಟುನಿಟ್ಟಾಗಿ ಕೇಳಿದ್ದರೆ ಅವರ ಮಾತಿಗೆ ತೂಕ ಬರುತ್ತಿತ್ತು. ಹಾಗೆ ಕೇಳಿದವರು ವಿರಳ. 2006ರ ಇಪ್ಪತ್ತು ರೋಗಿಗಳ ಕೀರ್ತಿ ‘ಪಿ.ಆರ್.ಪಿ.’ ಎಂಬ ಹೆಸರಿಗೆ ಸಂದಿತು. 2021ರ ಸೋಲು ಒಂದು ತಯಾರಿಕೆಯ ಪಾಲಿಗೆ ಬಂದಿತು. ಗೆದ್ದಾಗ ಜಾತಿವಾಚಕ, ಸೋತಾಗ ವ್ಯಕ್ತಿವಾಚಕ! ಈ ರೀತಿಯಲ್ಲಿ ಬಳಸಲ್ಪಟ್ಟ ಹೆಸರನ್ನು ಯಾವ ಪ್ರಯೋಗವೂ ಎಂದಿಗೂ ಸೋಲಿಸಲಾರದು. ಸೋಲಲಾರದುದನ್ನು ಗೆದ್ದಿತೆನ್ನುವುದಕ್ಕೂ ಅರ್ಥವಿಲ್ಲ.

‘ವೃದ್ಧಿಕಾರಕ’ವೆಂಬ ಪದದ ಮೇಲೂ ಒಂದು ಮಾತು. ಪ್ಲೇಟ್‌ಲೆಟ್ ಒಡೆದಾಗ ಹೊರಬೀಳುವ ನೂರಾರು ದ್ರವ್ಯಗಳಲ್ಲಿ ಕೆಲವು ರಕ್ತನಾಳಗಳನ್ನು ಚಿಗುರಿಸುತ್ತವೆ, ಕೆಲವು ಚಿಗುರದಂತೆ ತಡೆಯುತ್ತವೆ. ಟಿ.ಜಿ.ಎಫ್. ಬೀಟಾ ಎಂಬುದು ಗಾಯವನ್ನು ಕೂಡಿಸುವುದು ನಿಜ. ಮಾಂಸಖಂಡದಲ್ಲಿ ಗಾಯದ ಗಂಟನ್ನು ಕಟ್ಟುವುದೂ ಅದೇ. ಒಂದು ಗುಣವನ್ನಷ್ಟೇ ಆರಿಸಿಕೊಂಡು ಇಡೀ ಗುಂಪಿಗೆ ಹೆಸರಿಟ್ಟುದರಿಂದ, ಹೆಚ್ಚು ಚುಚ್ಚಿದಷ್ಟೂ ಹೆಚ್ಚು ಮಾಯುವುದೆಂಬ ಅನುಮಾನವು ವಾದವಿಲ್ಲದೆಯೇ ಓದುಗನ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ‘ನಿಮ್ಮದೇ ರಕ್ತ’ ಎಂಬ ಪ್ರಚಾರದ ಮಾತೂ ಇಂತಹದೇ. ತನ್ನ ರಕ್ತವಾದ್ದರಿಂದ ಅನ್ಯರ ರೋಗ ತಗುಲದೆಂಬುದು ಸರಿ. ಅಷ್ಟರಿಂದ ತನ್ನ ರೋಗ ಹೋಗುವುದೆಂದು ಸಿದ್ಧಿಸದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯುಂಟಷ್ಟೆ. ಇಲ್ಲಿ ಹಿತ್ತಲ ಗಿಡವು ಯಂತ್ರದೊಳಗೆ ಹತ್ತು ನಿಮಿಷ ಸುತ್ತಿ ಬಂದು ಬೆಲೆಯುಳ್ಳ ಮದ್ದಾಗಿದೆ.

ಕೀಲುರೋಗದ ವೈದ್ಯರ ಅಮೆರಿಕನ್ ಸಂಘವು 2019ರ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಮತ್ತು ಸೊಂಟದ ಕೀಲುಸವೆತಕ್ಕೆ ಪಿ.ಆರ್.ಪಿ. ಕೂಡದೆಂದು ದೃಢವಾಗಿ ಹೇಳಿತು. ಅದು ಕೊಟ್ಟ ಕಾರಣವು ಗಮನಾರ್ಹವಾದುದು: ತಯಾರಿಕೆಗಳು ಒಂದರಂತೆ ಒಂದಿಲ್ಲ, ಏನನ್ನು ಚುಚ್ಚುತ್ತಿದ್ದಾರೆಂದು ನಿಶ್ಚಯವಿಲ್ಲ. ಅದೇ ದೇಶದ ಮೂಳೆವೈದ್ಯರ ಅಕಾಡೆಮಿಯು 2021ರಲ್ಲಿ, ನೋವನ್ನು ತಗ್ಗಿಸಬಹುದೆಂದು, ಸೀಮಿತವಾದ ಆಧಾರವೆಂಬ ಎಚ್ಚರಿಕೆಯೊಡನೆ ಹೇಳಿತು. ಬಹುಮಟ್ಟಿಗೆ ಅದೇ ವಾಙ್ಮಯವನ್ನು ಓದಿದ ಎರಡು ಪಂಡಿತಮಂಡಲಿಗಳು ಎರಡು ದಾರಿ ಹಿಡಿದಿರುವುದಕ್ಕೆ ಮತಿಭೇದವಷ್ಟೇ ಕಾರಣವಲ್ಲ. ಒಂದು ಮಂಡಲಿಯು ಹೆಸರನ್ನು ಅಂಕಿತವೆಂದು ಕಂಡಿತು, ಇನ್ನೊಂದು ಅನ್ವರ್ಥವೆಂದು ನಡೆಸಿಕೊಂಡಿತು.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಮೂಲದ ವಿಶೇಷಣವನ್ನು ‘ಸಮೃದ್ಧ’ ಎಂದೋ ‘ಭರಿತ’ ಎಂದೋ ಅನುವಾದಿಸುತ್ತಿದ್ದಾರೆ. ಸಮೃದ್ಧಿ ಎಂಬ ಮಾತಿಗೆ ನಮ್ಮಲ್ಲಿ ಬೆಳೆ, ಮಳೆ, ಮಂಗಳಗಳ ಸಂಸರ್ಗವಿರುವುದರಿಂದ ಮೂಲದಲ್ಲಿದ್ದುದಕ್ಕಿಂತ ಹೆಚ್ಚಿನ ಶುಭಾರ್ಥ ಇಲ್ಲಿ ಬಂದು ಸೇರುತ್ತದೆ. ‘ಪ್ಲೇಟ್‌ಲೆಟ್ ಪ್ಲಾಸ್ಮಾ’ ಎಂದಿಷ್ಟೇ ಬರೆದು, ಮುಂದೆ ಮೈಕ್ರೋಲೀಟರಿಗೆ ಎಷ್ಟು ಪ್ಲೇಟ್‌ಲೆಟ್‌ಗಳಿದ್ದುವು, ಬಿಳಿಯ ಕಣಗಳಿದ್ದುವೋ ಇಲ್ಲವೋ, ಹೋಲಿಸಿದುದು ಯಾವುದರೊಡನೆ ಎಂಬ ಮೂರನ್ನು ಸೇರಿಸಬಹುದು. ಮೂಲಪ್ರಬಂಧದಲ್ಲಿ ಎಣಿಕೆಯೇ ಇಲ್ಲದಿದ್ದರೆ, ಲುಪ್ತವಾದ ಪದ್ಯದ ಸ್ಥಳದಲ್ಲಿ ಸಂಪಾದಕರು ಚುಕ್ಕೆಗಳನ್ನಿಡುವಂತೆ, ಸಂಖ್ಯೆಯ ಸ್ಥಳವನ್ನು ತೆರವಾಗಿ ಬಿಟ್ಟು ‘ಹೇಳಿಲ್ಲ’ ಎಂದು ಬರೆಯತಕ್ಕದ್ದು.